ಹಳೆಯ ಪುಟ್ಟ ಡೀಸೆಲ್ ಕಾರು: ಫಿಟ್‌ನೆಸ್ ತಪಾಸಣೆಯಲ್ಲಿ ಎಷ್ಟು ನಂಬಬಹುದು?

ನನ್ನದು 2009ರ ಮಾಡೆಲ್, 1.4 ಲೀಟರ್ ಟರ್ಬೊ ಡೀಸೆಲ್ ಹ್ಯಾಚ್‌ಬ್ಯಾಕ್. ಕಾಮನ್ ರೈಲ್ (ಎಲ್ಲಾ ಸಿಲಿಂಡರ್‌ಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ) ಇಂಜಿನ್, ಐದು ಗೇರ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ಸೆಕೆಂಡ್ ಹ್ಯಾಂಡ್ ತಗೊಂಡು ಬಹಳ ವರ್ಷ ಆಯಿತು. ಈ ಕಾರಿನ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಇಷ್ಟು ಹಳೇದು, ಅದರಲ್ಲೂ ಡೀಸೆಲ್. ಪಾಸಾಗುತ್ತಾ?" ಆಗುತ್ತದೆ. ಇಂಜಿನ್ ಗಟ್ಟಿ ಇದೆ. ತಪಾಸಣೆಯಲ್ಲಿ ಕೈಕೊಡುವುದು ಅದರ ಸುತ್ತಮುತ್ತ ಇರುವ ರಬ್ಬರ್, ಪೈಪು, ಬುಷ್‌ಗಳು (ಭಾಗಗಳು ಸೇರುವ ಕಡೆ ಕೂರಿಸುವ ರಬ್ಬರ್ ಮೆತ್ತೆ). ಅದರ ಜೊತೆಗೆ ಹಿಂದಿನ ಕೆಲವು ವಾರ ಕಾರನ್ನು ಹೇಗೆ ಓಡಿಸಿದ್ದೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಮೊದಲು ಹೊಗೆ ಪರೀಕ್ಷೆ. ಡೀಸೆಲ್ ಇಟ್ಟುಕೊಂಡವರಿಗೆ ಇದೇ ದೊಡ್ಡ ಚಿಂತೆ ಅಲ್ವಾ? ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಸೈಲೆನ್ಸರ್ ಬಾಯಿಗೆ ನಳಿಕೆ ತೂರಿಸಿ, ಆಕ್ಸಿಲೇಟರ್ ಪೂರ್ತಿ ಒತ್ತುತ್ತಾರೆ. ಇಂಜಿನ್ ತನ್ನ ಗರಿಷ್ಠ ವೇಗಕ್ಕೆ ಹೋಗಿ ಇಳಿಯುತ್ತದೆ. ಆಗ ಬರುವ ಹೊಗೆಯ ಮೂಲಕ ಬೆಳಕು ಹಾಯಿಸಿ, ಎಷ್ಟು ತಡೆಯಿತು ಅಂತ ಅಳೆಯುತ್ತಾರೆ. ಅದೇ ಕೆ-ವ್ಯಾಲ್ಯೂ; ಅಂಕಿ ಹೆಚ್ಚಾದಷ್ಟೂ ಹೊಗೆ ದಟ್ಟ. ಯುರೋಪಿನಲ್ಲಿ ಹಳೆಯ ಟರ್ಬೊ ಡೀಸೆಲ್‌ಗೆ ಮಿತಿ 3.0, ಯುರೋ 4 (ಅಲ್ಲಿನ ಹೊಗೆ ನಿಯಮದ ಒಂದು ಹಂತ) ಗಾಡಿಗಳಿಗೆ 1.5. ಭಾರತದಲ್ಲಿ ಬಿಎಸ್ 4 (ನಮ್ಮಲ್ಲಿನ ಅಂಥದ್ದೇ ಹಂತ) ಡೀಸೆಲ್‌ಗೆ 1.62, ಅದಕ್ಕಿಂತ ಹಳೆಯದಕ್ಕೆ 2.45. ನನ್ನ ಕಾರು ಸಾಮಾನ್ಯವಾಗಿ 1ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಷ್ಟು ಹಳೆಯ ಇಂಜಿನ್‌ಗೆ ಇದು ನಿಜಕ್ಕೂ ಒಳ್ಳೆಯ ರೀಡಿಂಗ್.

ಪರೀಕ್ಷೆ ನಡೆಯುವಾಗ ಪಕ್ಕದಲ್ಲೇ ನಿಂತು ನೋಡಿ. ಮೊದಲ ಸಲ ಒತ್ತಿದಾಗ ಬರುವ ಹೊಗೆ ದಟ್ಟ ಕಪ್ಪು. ಎರಡನೆಯದು ಸ್ವಲ್ಪ ತೆಳು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಬರೀ ಬೂದು ನೆರಳು. ನಿಧಾನ ಓಡಾಟದಲ್ಲಿ ಪೈಪಿನೊಳಗೆ ಕೂತಿದ್ದ ಮಸಿಯೇ ಮೊದಲು ಹೊರಗೆ ಬರುವುದು. ಅದಕ್ಕೇ ಒಳ್ಳೆಯ ಕೇಂದ್ರಗಳಲ್ಲಿ ಮೊದಲ ಕೆಲವು ಸಲದ ರೀಡಿಂಗ್ ಬಿಟ್ಟು, ಆಮೇಲಿನವುಗಳ ಸರಾಸರಿ ತೆಗೆಯುತ್ತಾರೆ. ಇಂಜಿನ್ ಬಿಸಿಯಾಗಿರಲೇಬೇಕು. ಡೀಸೆಲ್ ಇಂಜಿನ್ ಸುಮ್ನೆ ನಿಲ್ಲಿಸಿ ಚಾಲೂ ಇಟ್ಟರೆ ಬೇಗ ಬಿಸಿಯಾಗುವುದಿಲ್ಲ. ಹಾಗಾಗಿ ತಪಾಸಣೆಗೆ ಮುಂಚೆ ಹೆದ್ದಾರಿಯಲ್ಲಿ ಅರ್ಧ ಗಂಟೆ, ಒಂದು ಗೇರ್ ಕಡಿಮೆ ಇಟ್ಟು ಓಡಿಸಿಕೊಂಡು ನೇರ ಅಲ್ಲಿಗೇ ಹೋಗುತ್ತೇನೆ. ಯಾವ ಬಾಟಲಿ ಔಷಧಿಗಿಂತಲೂ ಇದು ಜಾಸ್ತಿ ಕೆಲಸ ಮಾಡುತ್ತದೆ ಅನ್ನುವುದು ನನ್ನ ಅನುಭವ.

ಒಂದು ವರ್ಷ ಮಾತ್ರ ರೀಡಿಂಗ್ 2 ದಾಟಿತ್ತು. ಇಂಜೆಕ್ಟರ್ (ಇಂಜಿನ್‌ಗೆ ಡೀಸೆಲ್ ಸಿಂಪಡಿಸುವ ಭಾಗ) ಹೋಗಿದೆ, ನಾಲ್ಕೂ ಬದಲಾಯಿಸಬೇಕು ಅಂದರು ಒಂದು ಗ್ಯಾರೇಜಿನವರು. ನನಗೆ ಯಾಕೋ ಒಪ್ಪಿಗೆಯಾಗಲಿಲ್ಲ. ಸ್ಟಾರ್ಟಿಂಗ್ ಸರಿಯಿತ್ತು, ಐಡಲ್‌ನಲ್ಲಿ (ಆಕ್ಸಿಲೇಟರ್ ಒತ್ತದೆ ಇಂಜಿನ್ ಚಾಲೂ ಇದ್ದಾಗ) ನಡುಕವೂ ಇರಲಿಲ್ಲ. ಏರು ಹತ್ತುವಾಗ ಮಾತ್ರ ಉಸಿರು ಕಟ್ಟಿದ ಹಾಗೆ ಎಳೆಯುತ್ತಿತ್ತು. ಇನ್ನೊಬ್ಬ ಮೆಕ್ಯಾನಿಕ್ ಟರ್ಬೊದಿಂದ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಣಿಸುವ ಭಾಗ) ಹೋಗುವ ರಬ್ಬರ್ ಪೈಪಿನ ಕೆಳಭಾಗಕ್ಕೆ ಬೆರಳು ಸವರಿ ತೋರಿಸಿದರು. ಬೆರಳ ತುದಿಯಲ್ಲಿ ಎಣ್ಣೆ ಬೆರೆತ ಕರಿ ಮಸಿ. ಪೈಪನ್ನು ಬಗ್ಗಿಸಿದಾಗ ಉಗುರಿನಷ್ಟು ಉದ್ದದ ಬಿರುಕು ಬಾಯಿ ಬಿಟ್ಟಿತು. ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ಐಡಲ್‌ನಲ್ಲಿ ಒತ್ತಡ ಇಲ್ಲದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಟರ್ಬೊ ಗಾಳಿ ತುಂಬಿದ ಕೂಡಲೇ ಅಲ್ಲಿಂದ ಸೋರುತ್ತದೆ. ಡೀಸೆಲ್ ಮೊದಲಿನಷ್ಟೇ ಬೀಳುತ್ತದೆ, ಗಾಳಿ ಸಾಲುವುದಿಲ್ಲ, ಹೊಗೆ ಕಪ್ಪಾಗುತ್ತದೆ. ಪೈಪ್ ಬದಲಾಯಿಸಿ ಏರ್ ಫಿಲ್ಟರ್ ಹೊಸದು ಹಾಕಿದ ಮೇಲೆ ರೀಡಿಂಗ್ ಮೊದಲಿನ ಜಾಗಕ್ಕೆ ಬಂತು. ಇಂಜೆಕ್ಟರ್‌ಗಳು ಇವತ್ತಿಗೂ ಅವೇ.

ಇಜಿಆರ್ ವಾಲ್ವ್ ಇನ್ನೊಂದು. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ಭಾಗ ಇದು. ಮಸಿಯೂ ಎಣ್ಣೆಯ ಆವಿಯೂ ಸೇರಿ ಅಂಟಿಕೊಂಡರೆ ವಾಲ್ವ್ ತೆರೆದ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಬರೀ ಹತ್ತಿರದ ಓಡಾಟಕ್ಕೆ ಬಳಸುವ ಕಾರಿನಲ್ಲಿ ಈ ತೊಂದರೆ ಜಾಸ್ತಿ. ಬಿಚ್ಚಿ ತೊಳೆಸಿದರೆ ಸಾಕು. ಕೆಲವರು ಅದನ್ನು ಮುಚ್ಚಿಸಿಬಿಡುತ್ತಾರೆ. ದಯವಿಟ್ಟು ಬೇಡ. ಅದು ಇರುವುದು ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡಲು. ಆ ಗಾಳಿ ನಮ್ಮ ಮಕ್ಕಳೇ ಉಸಿರಾಡುವುದು.

ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದ ಹಾಗೆ ಓಡಿಸುವ ಪಟ್ಟಿ) ಇರುವ ಇಂಜಿನ್ ಆದರೆ, ಅದನ್ನು ಬದಲಾಯಿಸಿದ ದಾಖಲೆ ಇಲ್ಲದೆ ಹೊಗೆ ಪರೀಕ್ಷೆಗೆ ಹೋಗಬೇಡಿ. ಪೂರ್ತಿ ವೇಗಕ್ಕೆ ಒತ್ತಿದಾಗ ಹಳೆಯ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಇಂಜಿನ್ನೇ ಹೋಗುತ್ತದೆ.

ಈಗ ಕೆಳಭಾಗ. ಇಲ್ಲೇ ನನ್ನ ಕಾರು ಜಾಸ್ತಿ ಮಾರ್ಕು ಕಳೆದುಕೊಂಡಿರುವುದು. ಡೀಸೆಲ್ ಇಂಜಿನ್ ಅದೇ ಕಾರಿನ ಪೆಟ್ರೋಲ್ ಇಂಜಿನ್‌ಗಿಂತ ಭಾರ, ನಡುಕವೂ ಜಾಸ್ತಿ. ಆ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ. ಹಾಗಾಗಿ ಮುಂದಿನ ಚಕ್ರ ಹಿಡಿದಿರುವ ಲೋಯರ್ ಆರ್ಮ್‌ನ ಬುಷ್, ಅದರ ತುದಿಯ ಬಾಲ್ ಜಾಯಿಂಟ್, ಇಂಜಿನ್ ಕೂರುವ ಮೌಂಟಿಂಗ್ ಬೇಗ ಸವೆಯುತ್ತವೆ. ಮುಂದಿನ ಟೈರಿನ ಒಳಅಂಚು ಹೊರಗಿನಿಂದ ಕಾಣದ ಹಾಗೆ ಬೋಳಾಗಿರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಬಗ್ಗಿ ನೋಡಿ. ತಪಾಸಣೆ ಮಾಡುವವರು ಕಬ್ಬಿಣದ ಸರಳು ಹಾಕಿ ಬುಷ್ ಮೀಟಿ ನೋಡುತ್ತಾರೆ. ನಾವು ಓಡಿಸುವಾಗ ಗೊತ್ತೇ ಆಗದ ಸಡಿಲ ಅಲ್ಲಿ ಎದ್ದು ಕಾಣುತ್ತದೆ.

ಹಿಂದಿನ ಬ್ರೇಕ್ ಬಗ್ಗೆ ಒಂದು ಮಾತು. ಪುಟ್ಟ ಕಾರಿನಲ್ಲಿ ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದು. ಹಿಂದಿನ ಡ್ರಮ್‌ಗಳಿಗೆ ಕೆಲಸ ಕಡಿಮೆ. ಅದರಿಂದಲೇ ವೀಲ್ ಸಿಲಿಂಡರ್ (ಡ್ರಮ್ಮೊಳಗೆ ಬ್ರೇಕನ್ನು ಒತ್ತುವ ಭಾಗ) ಬಿಗಿಯುತ್ತದೆ, ಡ್ರಮ್‌ಗೆ ತುಕ್ಕು ಹಿಡಿಯುತ್ತದೆ. ಬ್ರೇಕ್ ಅಳೆಯುವ ರೋಲರ್ ಮೇಲೆ ನಿಲ್ಲಿಸಿದಾಗ ಎಡಕ್ಕೂ ಬಲಕ್ಕೂ ಹಿಡಿತದಲ್ಲಿ ವ್ಯತ್ಯಾಸ ಬಂದು ಫೇಲ್ ಆಗುತ್ತದೆ. ಪೆಡಲ್ ಒತ್ತಿದಾಗ ನಮಗೆ ಎಲ್ಲಾ ಸರಿಯಿದೆ ಅನ್ನಿಸುತ್ತಿರುತ್ತದೆ! ವರ್ಷಕ್ಕೊಮ್ಮೆ ಡ್ರಮ್ ಬಿಚ್ಚಿಸಿ ಕ್ಲೀನ್ ಮಾಡಿಸಿ, ಹ್ಯಾಂಡ್‌ಬ್ರೇಕ್ ಕೇಬಲ್ ಹೊಂದಿಸಿಕೊಳ್ಳಿ.

ಹೆಡ್‌ಲೈಟ್ ಗಾಜು ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ. ವೈಪರ್, ಹಾರ್ನ್, ನಂಬರ್ ಪ್ಲೇಟ್ ಬಲ್ಬು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ಇರುವ ಕಾರು ಆದರೆ ಕಥೆ ಬೇರೆ. ಅದರೊಳಗಿನ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕೆ ದೂರದ ಓಟ ಬೇಕು. ನಿಮ್ಮ ಓಡಾಟ ಬರೀ ಊರೊಳಗೆ ಅಂದರೆ ಅಂಥ ಹಳೆಯ ಡೀಸೆಲ್ ತಗೊಳ್ಳಬೇಡಿ ಅಂತಲೇ ಹೇಳುತ್ತೇನೆ. ವಾರಕ್ಕೊಮ್ಮೆಯಾದರೂ ಹೆದ್ದಾರಿ ಕಾಣುವವರಿಗೆ, ಡಿಪಿಎಫ್ ಇಲ್ಲದ ನನ್ನದರಂಥ ಕಾರಿಗೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಕೊಳ್ಳುವವರು ಒಂದು ಕೆಲಸ ತಪ್ಪದೆ ಮಾಡಿ. ಹಳೆಯ ತಪಾಸಣೆ ರಿಪೋರ್ಟ್‌ಗಳು ಸಿಕ್ಕಿದರೆ ಸಾಲಾಗಿ ಇಟ್ಟು ಓದಿ. ಬುಷ್ ಸವೆದಿದೆ ಅಂತ ಒಂದು ವರ್ಷ ಬರೆದು, ಮುಂದಿನ ವರ್ಷ ಅದು ಇಲ್ಲದಿದ್ದರೆ ಮಾಲೀಕರು ಕೆಲಸ ಮಾಡಿಸಿದ್ದಾರೆ ಅಂತ ಅರ್ಥ. ಅದೇ ಸಾಲು ವರ್ಷ ವರ್ಷವೂ ಬಂದಿದ್ದು, ಹೊಗೆಯ ರೀಡಿಂಗೂ ಏರುತ್ತಾ ಹೋಗಿದ್ದರೆ, ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಬೇರೆ ಕಾರು ನೋಡಿ.