ಧ್ರುವಪ್ರಭೆಯ ನಕಲು: ಲೇಸರ್ ಹೊಗೆಯೋ, ಎಲ್‌ಇಡಿ ಪರದೆಯೋ?

ಧ್ರುವಪ್ರಭೆಯೆಂದರೆ ಧ್ರುವಪ್ರದೇಶಗಳ ರಾತ್ರಿಯಾಕಾಶದಲ್ಲಿ ಪರದೆಯಂತೆ ತೂಗುವ ಬಣ್ಣದ ಬೆಳಕು. ಅದನ್ನು ಕೃತಕವಾಗಿ ಮೂಡಿಸಲು ದಾರಿ ಎರಡು: ಹೊಗೆಯೊಳಗೆ ಲೇಸರ್ ಹಾಯಿಸುವುದು, ಇಲ್ಲವೇ ತೆಳುಬಟ್ಟೆಯ ಹಿಂದೆ ಎಲ್‌ಇಡಿ ಪಟ್ಟಿ ಕಟ್ಟುವುದು.

ಬಯಲಿನಲ್ಲಿ ನೂರಾರು ಜನ ತಲೆಯೆತ್ತಿ ನೋಡಬೇಕೆಂದರೆ ಲೇಸರಿಗೆ ಸಾಟಿಯಿಲ್ಲ. ಸ್ವಿಸ್ ಕಲಾವಿದ ಡ್ಯಾನ್ ಆಶರ್ ‘ಬೊರಿಯಾಲಿಸ್’ ಎಂಬ ಬೆಳಕಿನ ಕಲಾಕೃತಿಯಲ್ಲಿ ಮಾಡಿದ್ದು ಇದನ್ನೇ. ಕಿರಣವನ್ನು ಬೀಸಣಿಗೆಯಂತೆ ಹರಡಿದರೆ ಹೊಗೆಯ ಸುಳಿಗಳೇ ಅದರಲ್ಲಿ ಮಡಿಕೆ ಮೂಡಿಸುತ್ತವೆ. ಆ ಚಲನೆಗೆ ಯಾರೂ ಪ್ರೋಗ್ರಾಂ ಬರೆಯಬೇಕಿಲ್ಲ. ಆದರೆ ಗಾಳಿ ಜೋರಾದರೆ ಹೊಗೆ ಚದುರಿ ಆಕಾಶ ಖಾಲಿ. ಕಿರಣ ಕಣ್ಣಿಗೂ ವಿಮಾನದ ಹಾದಿಗೂ ಬೀಳಬಾರದು; ಅನುಮತಿಗಾಗಿ ಅಲೆದಾಟ ಇದ್ದದ್ದೇ.

ಕೋಣೆಯೊಳಗಾದರೆ ನನ್ನ ಮತ ಎಲ್‌ಇಡಿಗೆ. ಪಟ್ಟಿಯನ್ನು ಬಟ್ಟೆಗೇ ತಾಗಿಸಿದರೆ ಚುಕ್ಕಿಚುಕ್ಕಿಯಾಗಿ ಕಂಡು ಅಂಗಡಿಯ ಬೋರ್ಡು ನೆನಪಾಗುತ್ತದೆ. ಒಂದು ಗೇಣು ಹಿಂದಕ್ಕೆ ಸರಿಸಿ, ಚುಕ್ಕಿಗಳು ಕರಗಿ ಒಂದಾಗುತ್ತವೆ.

ಬಣ್ಣದಲ್ಲೂ ಎಲ್‌ಇಡಿಯೇ ಅನುಕೂಲ. ಧ್ರುವಪ್ರಭೆಯಲ್ಲಿ ಆಮ್ಲಜನಕ ಸೂಸುವ ನಿಜವಾದ ಹಸಿರಿನ ತರಂಗಾಂತರ (ಬೆಳಕಿನ ಅಲೆಯ ಉದ್ದ, ಬಣ್ಣ ನಿರ್ಧರಿಸುವುದು ಇದೇ) 557.7 ನ್ಯಾನೊಮೀಟರ್, ತುಸು ಹಳದಿಯ ಕಡೆಗೆ ವಾಲಿದ್ದು. ಸಾಮಾನ್ಯ ಹಸಿರು ಲೇಸರ್ 532ಕ್ಕೇ ನಿಲ್ಲುತ್ತದೆ. ಎಲ್‌ಇಡಿಯಲ್ಲಿ ಚಿಟಿಕೆ ಕೆಂಪು ಬೆರೆಸಿ ಸರಿದೂಗಿಸಬಹುದು. ಅಚ್ಚ ಕೆಂಪು ಬೇಕೆಂದರೆ ಪರದೆಯ ಮೇಲ್ತುದಿಗೆ ಕೊಡಿ. ಆಕಾಶದಲ್ಲೂ 630 ನ್ಯಾನೊಮೀಟರಿನ ಕೆಂಪು ಹಸಿರಿಗಿಂತ ಎತ್ತರದಲ್ಲೇ ಹೊಳೆಯುತ್ತದೆ.