ಕಿವಿ, ಕೊಂಬು ಆಮೇಲೆ, ಮೊದಲು ಮೈ: ಎಸ್‌ಆರ್‌ಡಿ 5.2ರ ಪ್ರಭೇದಗಳ ಭಾಗ ಹೇಗಿದೆ?

ಸ್ವಂತ ಪಾತ್ರ ಕಟ್ಟಲು ಕೂತವರು ಹೆಚ್ಚಾಗಿ ಎಡವುವುದು ಪ್ರಭೇದದ ಆಯ್ಕೆಯಲ್ಲಿ. ಚೂಪು ಕಿವಿಯೋ ಬಾಲವೋ ಚೆಂದ ಕಂಡಿತೆಂದು ಆರಿಸಿಬಿಡುತ್ತಾರೆ. ಮೂರನೇ ದೃಶ್ಯಕ್ಕೆ ಬರುವಷ್ಟರಲ್ಲಿ ಆ ಪಾತ್ರ ಕೊಂಬು ಅಂಟಿಸಿಕೊಂಡ ಮನುಷ್ಯನ ಹಾಗೆಯೇ ಉಣ್ಣುತ್ತ, ಮಲಗುತ್ತ, ಓಡಾಡುತ್ತಿರುತ್ತದೆ. ಇದಕ್ಕೆ ನಾವು ಧೈರ್ಯವಾಗಿ ಶಿಫಾರಸು ಮಾಡುವ ಮದ್ದು, ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಎಸ್‌ಆರ್‌ಡಿ (ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್) 5.2. ವಿಝಾರ್ಡ್ಸ್ ಆಫ್ ದ ಕೋಸ್ಟ್ 2025ರ ಏಪ್ರಿಲ್‌ನಲ್ಲಿ ಹೊರತಂದ ಈ ಉಚಿತ ನಿಯಮಾವಳಿ 300ಕ್ಕೂ ಹೆಚ್ಚು ಪುಟಗಳ ಪಿಡಿಎಫ್. ಪ್ರಭೇದಗಳಿಗೆ ಸಿಕ್ಕಿರುವುದು ಅದರಲ್ಲಿ ಕೆಲವೇ ಪುಟ. ಆಟ ಆಡದವರಿಗೂ, ಕಥೆ ಬರೆಯುವವರಿಗೂ ಆ ಕೆಲವು ಪುಟಗಳು ಕೆಲಸಕ್ಕೆ ಬರುತ್ತವೆ.

ಇಲ್ಲಿರುವುದು 9 ಪ್ರಭೇದ: ಡ್ರ್ಯಾಗನ್ ವಂಶದ ಡ್ರ್ಯಾಗನ್‌ಬಾರ್ನ್, ಕುಳ್ಳ ಡ್ವಾರ್ಫ್, ಚೂಪು ಕಿವಿಯ ಎಲ್ಫ್, ಪುಟ್ಟ ನೋಮ್, ದೈತ್ಯರ ವಂಶದ ಗೋಲಿಯಾತ್, ಗಿಡ್ಡ ಹಾಫ್ಲಿಂಗ್, ಮನುಷ್ಯ, ಗಟ್ಟಿಮುಟ್ಟಾದ ಆರ್ಕ್, ಕೊಂಬಿನ ಟೀಫ್ಲಿಂಗ್. ಶಕ್ತಿ, ಚುರುಕು, ಬುದ್ಧಿಯ ಅಂಕಗಳನ್ನು ಈಗ ಪ್ರಭೇದದಿಂದ ಬಿಡಿಸಿ ಬ್ಯಾಕ್‌ಗ್ರೌಂಡ್‌ಗೆ, ಅಂದರೆ ಪಾತ್ರದ ಹಿಂದಿನ ಬದುಕು, ಕಸುಬಿಗೆ, ಕಟ್ಟಿದ್ದಾರೆ. ಹೊಸ ನಿಯಮಗಳಲ್ಲಿ ನಮಗೆ ತುಂಬ ಹಿಡಿಸಿದ ಬದಲಾವಣೆ ಇದು. ಮಂತ್ರವಾದಿ ಬೇಕೆಂದರೆ ಇಂಥದೇ ಪ್ರಭೇದ ತೆಗೆದುಕೊಳ್ಳಬೇಕೆಂಬ ಒತ್ತಡ ಹೋಯಿತು. ಪ್ರಭೇದದ ಪಾಲಿಗೆ ಉಳಿದದ್ದು ದೇಹದ ಸಂಗತಿಗಳು: ಎತ್ತರ, ನಡಿಗೆಯ ವೇಗ, ಕಣ್ಣು, ನಿದ್ದೆ, ವಿಷ ತಡೆಯುವ ತಾಕತ್ತು. ಪಾತ್ರ ಕಟ್ಟುವವರಿಗೆ ಬೇಕಾದದ್ದೂ ಇವೇ.

ಕಣ್ಣನ್ನೇ ನೋಡಿ. 9ರಲ್ಲಿ 6 ಪ್ರಭೇದಗಳಿಗೆ ಡಾರ್ಕ್‌ವಿಷನ್ ಇದೆ. ಮನುಷ್ಯ, ಹಾಫ್ಲಿಂಗ್, ಗೋಲಿಯಾತ್‌ಗೆ ಇಲ್ಲ. ಡ್ವಾರ್ಫ್‌ಗೆ, ಆರ್ಕ್‌ಗೆ, ಎಲ್ಫ್‌ಗಳ ಪೈಕಿ ಡ್ರೌ ಎಂಬ ಕವಲಿನವರಿಗೆ 120 ಅಡಿ ದೂರದ ತನಕ, ಅದು ಇರುವ ಉಳಿದವರಿಗೆ 60. ಬಹಳ ಜನ ಇದನ್ನು ‘ಕತ್ತಲಲ್ಲೂ ಕಾಣುತ್ತದೆ’ ಎಂದು ಓದಿ ಮುಂದೆ ಹೋಗುತ್ತಾರೆ. ನಿಯಮ ಹೇಳುವುದು ಅಷ್ಟನ್ನೇ ಅಲ್ಲ: ಪೂರ್ತಿ ಕತ್ತಲು ಇವರಿಗೆ ಮಬ್ಬು ಬೆಳಕಿನಷ್ಟು ಕಾಣುತ್ತದೆ, ಬಣ್ಣ ಗೊತ್ತಾಗುವುದಿಲ್ಲ, ಎಲ್ಲವೂ ಬೂದು ಛಾಯೆ. ಮಬ್ಬು ಬೆಳಕಿನಲ್ಲಿ ಕಣ್ಣಿಂದ ಏನನ್ನಾದರೂ ಹುಡುಕುವಾಗ ಎರಡು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅಂದರೆ ದೀಪವಿಲ್ಲದೆ ಗುಹೆಗೆ ಇಳಿದ ನಿಮ್ಮ ಡ್ವಾರ್ಫ್‌ಗೆ ನೆಲದ ಮೇಲಿನ ಕಲೆ ರಕ್ತವೋ ನೀರೋ ಬಣ್ಣದಿಂದ ತಿಳಿಯದು. ಒಂದು ಸಾಲಿನ ನಿಯಮದೊಳಗೆ ಇಡೀ ದೃಶ್ಯವೊಂದು ಕೂತಿದೆ.

ನಿದ್ದೆಯೂ ಅಷ್ಟೇ. ಎಲ್ಫ್‌ಗೆ ನಿದ್ದೆ ಬೇಡ, 4 ಗಂಟೆ ಧ್ಯಾನದಂಥ ಸ್ಥಿತಿಯಲ್ಲಿದ್ದರೆ ಲಾಂಗ್ ರೆಸ್ಟ್ (ಉಳಿದವರಿಗೆ 8 ಗಂಟೆ ಹಿಡಿಯುವ ಪೂರ್ಣ ವಿಶ್ರಾಂತಿ) ಮುಗಿಯುತ್ತದೆ. ಉಳಿದವರು ಮಲಗಿರುವಾಗ ಪ್ರತಿ ರಾತ್ರಿ ಇನ್ನೂ 4 ಗಂಟೆ ಅವಳು ಒಬ್ಬಳೇ ಎಚ್ಚರ. ಆ ಹೊತ್ತಿನಲ್ಲಿ ಏನು ಮಾಡುತ್ತಾಳೆ? ಕಾವಲು ಕಾಯುತ್ತಾಳೋ, ಪತ್ರ ಬರೆಯುತ್ತಾಳೋ, ಜೊತೆಯವರ ಚೀಲ ತಡಕಾಡುತ್ತಾಳೋ? ಇದಕ್ಕೆ ನಿಮ್ಮ ಹತ್ತಿರ ಉತ್ತರವಿದ್ದರೆ ಎಲ್ಫ್ ಸರಿಯಾದ ಆಯ್ಕೆ. ಇಲ್ಲದಿದ್ದರೆ ಕಿವಿಗಾಗಿ ಮಾತ್ರ ಆರಿಸಿದ್ದೀರಿ.

ಆರಿಸುವ ಕ್ರಮ ಹೀಗಿರಲಿ. ಮೊದಲು ಕ್ಲಾಸ್ (ಯೋಧ, ಮಂತ್ರವಾದಿಯಂಥ ವೃತ್ತಿ) ಮತ್ತು ಬ್ಯಾಕ್‌ಗ್ರೌಂಡ್ ಗೊತ್ತು ಮಾಡಿ. ಬ್ಯಾಕ್‌ಗ್ರೌಂಡ್ ಸೂಚಿಸುವ ಮೂರು ಸಾಮರ್ಥ್ಯಗಳಲ್ಲಿ ಒಂದಕ್ಕೆ 2 ಇನ್ನೊಂದಕ್ಕೆ 1, ಅಥವಾ ಮೂರಕ್ಕೂ ಒಂದೊಂದು ಸೇರಿಸಿಬಿಡಿ. ಅಂಕದ ಚಿಂತೆ ಅಲ್ಲಿಗೆ ಮುಗಿಯಿತು. ಆಮೇಲೆ ಮೂರು ಸನ್ನಿವೇಶ ಬರೆದುಕೊಳ್ಳಿ: ಒಂದು ರಾತ್ರಿ, ಒಂದು ಹೊಡೆದಾಟ, ಜನ ತುಂಬಿದ ಒಂದು ಜಾಗ. ಮನಸ್ಸಿನಲ್ಲಿರುವ ಎರಡು ಪ್ರಭೇದಗಳ ಲಕ್ಷಣಗಳನ್ನು ಮೂರಕ್ಕೂ ಹಚ್ಚಿ ನೋಡಿ. ಯಾವುದು ಕನಿಷ್ಠ ಎರಡು ಸನ್ನಿವೇಶಗಳ ದಾರಿ ಬದಲಿಸುತ್ತದೋ ಅದು ಉಳಿಯಲಿ. ಹಾಫ್ಲಿಂಗ್ ತನಗಿಂತ ದೊಡ್ಡ ಗಾತ್ರದವರ ಹಿಂದೆ ಅಡಗಬಲ್ಲ, ಹಾಗಾಗಿ ಜನಜಂಗುಳಿಯೇ ಅವನಿಗೆ ಮರೆ. 7-8 ಅಡಿಯ ಗೋಲಿಯಾತ್‌ಗೆ ಅದೇ ಜಂಗುಳಿಯಲ್ಲಿ ಎಲ್ಲರ ಕಣ್ಣೂ ತನ್ನ ಮೇಲೆ. ಪೆಟ್ಟು ತಿಂದು ಬೀಳಬೇಕಾದ ಆರ್ಕ್ 1 ಅಂಕದ ಜೀವ ಹಿಡಿದು ನಿಂತೇ ಇರಬಲ್ಲ, ಆದರೆ ಒಮ್ಮೆ ಹಾಗೆ ನಿಂತರೆ ಲಾಂಗ್ ರೆಸ್ಟ್ ಮುಗಿಯುವ ತನಕ ಇನ್ನೊಮ್ಮೆ ಆಗದು.

ಕೈಕೊಡುವ ಜಾಗಗಳೂ ಇವೆ. ಡ್ರ್ಯಾಗನ್‌ಬಾರ್ನ್ ಪಾತ್ರಕ್ಕೆ ಮೊದಲ ದಿನವೇ ರೆಕ್ಕೆ ಬರೆದುಕೊಂಡವರು ಆಟದ ಮೇಜಿನಲ್ಲಿ ಪೆಚ್ಚಾಗುತ್ತಾರೆ: ಹಾರಾಟ ಬರುವುದು 5ನೇ ಲೆವೆಲ್‌ಗೆ (ಆಡುತ್ತ ಆಡುತ್ತ ಪಾತ್ರ ಏರುವ ಮೆಟ್ಟಿಲು), ಅದೂ 10 ನಿಮಿಷ, ಒಂದು ಲಾಂಗ್ ರೆಸ್ಟ್‌ಗೆ ಒಂದೇ ಸಲ. ಗೋಲಿಯಾತ್ ಮೈ ಹಿಗ್ಗಿಸಿಕೊಳ್ಳುವುದೂ 5ನೇ ಲೆವೆಲ್‌ನಿಂದಲೇ. ಕಥೆ ಶುರುವಾಗುವುದು 1ನೇ ಲೆವೆಲ್‌ನಲ್ಲಾದರೆ, ಆ ಲೆವೆಲ್‌ನಲ್ಲಿ ಏನು ಕೈಯಲ್ಲಿದೆ ಎಂಬುದನ್ನು ಮಾತ್ರ ನೋಡಿ ಆರಿಸಿ. ಟೀಫ್ಲಿಂಗ್‌ನದೂ ಹಾಗೆಯೇ, ಮೊದಲಿಗೆ ಒಂದು ಕವಲಿನ ಪುಟ್ಟ ಮಂತ್ರ ಸಿಗುತ್ತದೆ, ಮುಂದಿನವು 3 ಮತ್ತು 5ನೇ ಲೆವೆಲ್‌ಗೆ. ಸಣ್ಣ ಗಾತ್ರದ ಪಾತ್ರಕ್ಕೆ ಭಾರದ ಆಯುಧ ಆಗದು ಎಂಬ ಹಳೆಯ ಮಾತನ್ನು ಮರೆತುಬಿಡಿ. ಈಗಿನ ನಿಯಮ ಗಾತ್ರ ಕೇಳುವುದಿಲ್ಲ. ಕೈಯಲ್ಲಿ ಹಿಡಿದು ಹೊಡೆಯುವ ಆಯುಧಕ್ಕೆ ಶಕ್ತಿ 13, ದೂರದಿಂದ ಎಸೆಯುವ, ಬಿಡುವ ಆಯುಧಕ್ಕೆ ಚುರುಕು 13 ಇದ್ದರೆ ಸಾಕು.

ಕೊರತೆಗಳನ್ನೂ ಹೇಳಬೇಕು. ಇಲ್ಲಿ ಪ್ರಭೇದಗಳ ಊರು, ನಂಬಿಕೆ, ಬಾಳುವ ರೀತಿಯ ವರ್ಣನೆಯೇ ಇಲ್ಲ, ಬರಿಯ ಲಕ್ಷಣಗಳಿವೆ. ಹೊಸಬರಿಗೆ ಇದು ಒಣ ಎನಿಸಬಹುದು. ಸ್ವಂತ ಲೋಕ ಕಟ್ಟುವವರಿಗೆ ಇದು ಅನುಕೂಲ ಎಂಬುದೇ ನಮ್ಮ ಅಭಿಪ್ರಾಯ, ಏಕೆಂದರೆ ಅಳಿಸಬೇಕಾದದ್ದು ಏನೂ ಇರುವುದಿಲ್ಲ. ಎರಡು ಪ್ರಭೇದಗಳ ತಂದೆತಾಯಿಗೆ ಹುಟ್ಟಿದ ಪಾತ್ರಕ್ಕೆ ಮಾತ್ರ ಸರಿಯಾದ ದಾರಿ ಕೊಟ್ಟಿಲ್ಲ. ಹಿಂದಿನ ಆವೃತ್ತಿಯಲ್ಲಿದ್ದ ಹಾಫ್-ಎಲ್ಫ್, ಹಾಫ್-ಆರ್ಕ್ ಎರಡೂ ಹೋಗಿವೆ. ಒಬ್ಬ ಹೆತ್ತವರ ಲಕ್ಷಣಗಳನ್ನು ಪೂರ್ತಿಯಾಗಿ ತೆಗೆದುಕೊಂಡು, ಇನ್ನೊಬ್ಬರದನ್ನು ರೂಪದಲ್ಲಿ ತೋರಿಸುವುದು ಸದ್ಯಕ್ಕೆ ಸುರಕ್ಷಿತ. ಎರಡು ಕಡೆಯಿಂದಲೂ ಒಳ್ಳೆಯದನ್ನೇ ಹೆಕ್ಕಿದರೆ ಪಾತ್ರ ಜೊತೆಯವರಿಗಿಂತ ಭಾರವಾಗಿಬಿಡುತ್ತದೆ.

ಇನ್ನೊಂದು ಇಕ್ಕಟ್ಟು ಬ್ಯಾಕ್‌ಗ್ರೌಂಡ್‌ನದು. ಕೊಂಡು ಓದಬೇಕಾದ ಮೂಲ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ 2024ರ ಆವೃತ್ತಿಯಲ್ಲಿ 16 ಇದ್ದರೆ ಈ ಉಚಿತ ಪ್ರತಿಯಲ್ಲಿ 4 ಮಾತ್ರ. ಆ ನಾಲ್ಕರಲ್ಲಿ ಶಕ್ತಿ ಮತ್ತು ವರ್ಚಸ್ಸು ಎರಡನ್ನೂ ಒಟ್ಟಿಗೆ ಕೊಡುವುದು ಒಂದೂ ಇಲ್ಲ, ಹಾಗಾಗಿ ಆ ಎರಡೂ ಬೇಕಾದ ಧರ್ಮಯೋಧ ಕ್ಲಾಸ್ ಪ್ಯಾಲಡಿನ್ ಕಟ್ಟುವವರು ಪರದಾಡುತ್ತಾರೆ. ಮನುಷ್ಯರಿಗೂ ನಷ್ಟವಿದೆ. ಅವರ ದೊಡ್ಡ ಲಾಭವೇ ಹೆಚ್ಚುವರಿ ಒರಿಜಿನ್ ಫೀಟ್ (ಶುರುವಿನಲ್ಲೇ ಸಿಗುವ ವಿಶೇಷ ಸಾಮರ್ಥ್ಯ). ಹ್ಯಾಂಡ್‌ಬುಕ್‌ನ 10ರ ಬದಲು ಇಲ್ಲಿ ಆರಿಸಲು ಇರುವುದು 4. ಇಲ್ಲಿ ಇಲ್ಲದ ಆಸಿಮಾರ್ ಪ್ರಭೇದ ಬೇಕಾದವರಿಗೂ ಹ್ಯಾಂಡ್‌ಬುಕ್ ಕೊಳ್ಳದೆ ಗತಿಯಿಲ್ಲ.

ಬರೆದದ್ದನ್ನು ಪ್ರಕಟಿಸುವ, ಮಾರುವ ಆಲೋಚನೆ ಇದ್ದರೆ ಎಸ್‌ಆರ್‌ಡಿಯೇ ಮೇಲು. ಇದು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಪರವಾನಗಿಯಲ್ಲಿದೆ. ಕಡತದ ಆರಂಭದಲ್ಲಿ ಕೊಟ್ಟಿರುವ ಕೃತಜ್ಞತೆಯ ಸಾಲುಗಳನ್ನು ಒಂದಕ್ಷರ ಬದಲಿಸದೆ ನಿಮ್ಮ ಕೃತಿಯಲ್ಲಿ ಹಾಕಿ. ಹ್ಯಾಂಡ್‌ಬುಕ್‌ನಲ್ಲಿ ಮಾತ್ರ ಇರುವ ವಿವರ ನುಸುಳದಂತೆ, ಬಳಸಿದ ಪ್ರತಿ ಲಕ್ಷಣವನ್ನೂ ಪಿಡಿಎಫ್‌ನಲ್ಲಿ ಹುಡುಕಿ ಖಚಿತಪಡಿಸಿಕೊಂಡ ಮೇಲೆಯೇ ಅಚ್ಚಿಗೆ ಕೊಡಿ.