ಸಣ್ಣ ಬಾಬರ್‌ಗೆ ಹಿಂದೆ ಏನಿರಬೇಕು: ಹಾರ್ಡ್‌ಟೇಲ್, ಗಟ್ಟಿ ಸರಳು, ಗಿಡ್ಡ ಶಾಕ್

ಬಾಬರ್ ಅಂದರೆ ಬೇಡದ ಭಾಗ ಕಿತ್ತು, ಮಡ್‌ಗಾರ್ಡ್ ಮೋಟು ಮಾಡಿ, ಸೀಟು ತಗ್ಗಿಸಿದ ಬೈಕ್. ಅದನ್ನು ಮಾಡಲು ಹೊರಟವರು ಮೊದಲು ಕೈಹಾಕುವುದು ಹ್ಯಾಂಡಲ್‌ಗೆ, ಟ್ಯಾಂಕಿಗೆ. ಆದರೆ ಗಾಡಿಯ ನೋಟವೂ ನಡೆಯೂ ತೀರ್ಮಾನವಾಗುವುದು ಹಿಂದಿನ ಚಕ್ರದ ಹತ್ತಿರ. ಅಲ್ಲಿ ಶಾಕ್ ಅಬ್ಸಾರ್ಬರ್ ತೆಗೆದು ಚಾಸಿಸ್ಸನ್ನೇ ಬೆಸೆಯಬಹುದು (ಇದೇ ಹಾರ್ಡ್‌ಟೇಲ್), ಶಾಕ್ ಜಾಗಕ್ಕೆ ಕಬ್ಬಿಣದ ಸರಳು ಹಾಕಬಹುದು, ಇಲ್ಲವೇ ಗಿಡ್ಡ ಶಾಕ್ ಕೂರಿಸಬಹುದು. ಒಂದೇ 150 ಸಿಸಿ ಸಿಂಗಲ್ ಸಿಲಿಂಡರ್ ಎಂಜಿನ್ ಇಟ್ಟುಕೊಂಡು ಮೂರನ್ನೂ ಓಡಿಸಿದ್ದೇನೆ. ಹಾರ್ಡ್‌ಟೇಲ್‌ಗಾಗಿ ಅದೇ ಮಾದರಿಯ ಇನ್ನೊಂದು ಚಾಸಿಸ್ ಗುಜರಿಯಿಂದ ತಂದು ಕತ್ತರಿಸಿದೆವು. ಸೀಟು ಮಾತ್ರ ಮೂರಕ್ಕೂ ಒಂದೇ: ಮುಂದೆ ಕೀಲು, ಹಿಂದೆ ಎರಡು ಸ್ಪ್ರಿಂಗ್.

ಚಂದದಲ್ಲಿ ಹಾರ್ಡ್‌ಟೇಲ್ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. 1930–40ರ ದಶಕದ ಅಮೆರಿಕದಲ್ಲಿ ತೂಕ ಇಳಿಸಲು ಸವಾರರು ಮುಂದಿನ ಮಡ್‌ಗಾರ್ಡ್ ಕಿತ್ತು, ಹಿಂದಿನದನ್ನು ಮೋಟು ಮಾಡುತ್ತಿದ್ದರು. ಆಗಿನ ಗಾಡಿಗಳಿಗೆ ಹಿಂದೆ ಶಾಕ್ ಇರುವುದೇ ಅಪರೂಪ. ಹಾಗಾಗಿ ಆ ಹಳೇ ಗೆರೆ ಇದರಲ್ಲಿ ತಾನಾಗಿಯೇ ಬರುತ್ತದೆ. ಚಕ್ರ ಮೇಲೆ ಕೆಳಗೆ ಆಡದ ಕಾರಣ ಚೈನ್ ಬಿಗಿಯೂ ಏರುಪೇರಾಗುವುದಿಲ್ಲ. ನುಣುಪು ರಸ್ತೆಯಲ್ಲಿ ಓಡಿಸುವುದು ನಿಜಕ್ಕೂ ಖುಷಿ.

ರಸ್ತೆ ಕೆಟ್ಟರೆ ಕಥೆ ಬೇರೆ. ಸೀಟಿನ ಸ್ಪ್ರಿಂಗ್ ನಮ್ಮ ಬೆನ್ನನ್ನು ಕಾಯುತ್ತದೆ, ಚಕ್ರವನ್ನಲ್ಲ. ಉಬ್ಬು ಸಿಕ್ಕಾಗ ಹಿಂದಿನ ಟೈರ್ ನೆಲ ಬಿಡುತ್ತದೆ. ಆಗಲೇ ಬ್ರೇಕ್ ಒತ್ತಿದರೆ ಹಿಡಿತ ಎಲ್ಲಿಂದ ಬರಬೇಕು? ಹಗುರ ಗಾಡಿಯಲ್ಲಿ ಈ ಕುಣಿತ ಇನ್ನೂ ಜಾಸ್ತಿ. ಜೊತೆಗೆ ಚಾಸಿಸ್ ಕತ್ತರಿಸಿದ ಗಾಡಿಗೆ ನೋಂದಣಿ, ವಿಮೆಯ ತಕರಾರು ಬರಬಹುದು. ಅದನ್ನು ಕತ್ತರಿಸುವ ಮೊದಲೇ ವಿಚಾರಿಸಬೇಕು.

ಗಟ್ಟಿ ಸರಳು ಅಗ್ಗ, ಒಂದು ಸಂಜೆಯ ಕೆಲಸ. ಯಾರಿಗೂ ಬೇಡ ಅಂತಲೇ ಹೇಳುತ್ತೇನೆ. ಶಾಕ್ ಕೂರುವ ಕೊಂಡಿಗಳು ಸ್ಪ್ರಿಂಗ್ ಅರ್ಧ ನುಂಗಿದ ಪೆಟ್ಟನ್ನು ತಡೆಯುವಂಥವು. ಸರಳು ಹಾಕಿದರೆ ಸುತ್ತಿಗೆ ಏಟಿನ ಹಾಗೆ ಪೂರ್ತಿ ಪೆಟ್ಟು ಅಲ್ಲಿಗೇ ಬೀಳುತ್ತದೆ. ನನ್ನ ಗಾಡಿಯ ಮೇಲಿನ ಕೊಂಡಿಯ ವೆಲ್ಡಿಂಗ್ ಪಕ್ಕ ಪೇಂಟ್ ಬಿರುಕು ಬಿಟ್ಟಿತು. ಅಲ್ಲಿಗೆ ಅದನ್ನು ಬಿಚ್ಚಿದೆ.

ಈಗ ಗಾಡಿಯಲ್ಲಿರುವುದು 2 ಇಂಚು ಗಿಡ್ಡ ಶಾಕ್. ಇದೂ ಸುಮ್ನೆ ಹಾಕಿ ಹೋಗುವಂಥದ್ದಲ್ಲ. ಹಿಂಭಾಗ ಇಳಿದರೆ ಮುಂದಿನ ಫೋರ್ಕ್ ಇನ್ನಷ್ಟು ಓರೆಯಾಗುತ್ತದೆ. ನೇರ ರಸ್ತೆಯಲ್ಲಿ ಗಾಡಿ ಸ್ಥಿರ, ಚಿಕ್ಕ ತಿರುವಿನಲ್ಲಿ ಹ್ಯಾಂಡಲ್ ಭಾರ. ಫೋರ್ಕ್ ಪೈಪನ್ನು ಕ್ಲ್ಯಾಂಪಿನಲ್ಲಿ ಸ್ವಲ್ಪ ಮೇಲಕ್ಕೆ ಸರಿಸಿದ ಮೇಲೆ ಸರಿಹೋಯಿತು. ಹಿಂಭಾಗ ತಗ್ಗಿದ್ದರಿಂದ ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ಹೆಚ್ಚು ನೆಟ್ಟಗೆ ನಿಲ್ಲುತ್ತದೆ, ಆಚೆ ಬದಿಗೆ ಉರುಳುವ ಭಯ. ಅದನ್ನೂ ಮೋಟು ಮಾಡಲೇಬೇಕು.

ನೋಟದ ಕೊರತೆಗೆ ಒಂದು ಉಪಾಯ ಇದೆ. ಮಡ್‌ಗಾರ್ಡನ್ನು ಚಾಸಿಸ್‌ಗೆ ಬಿಗಿದರೆ ಚಕ್ರ ಆಡಲು ಅಂತರ ಬಿಡಬೇಕು, ಅದು ನೋಡಲು ಚೆನ್ನಾಗಿರಲ್ಲ. ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ಸ್ವಿಂಗ್ ಆರ್ಮ್‌ಗೆ ಬಿಗಿದರೆ ಅದು ಚಕ್ರದ ಜೊತೆಗೇ ಏರಿಳಿಯುತ್ತದೆ, ಟೈರಿಗೆ ಬೆರಳಷ್ಟೇ ದೂರದಲ್ಲಿ ಕೂರಿಸಬಹುದು. ಬಾಬರ್ ಕಳೆ ಬರುವುದು ಆ ಕಿರಿದಾದ ಅಂತರದಿಂದ, ತಗ್ಗಿದ ಸೀಟಿನಿಂದ. ಶಾಕ್ ಕಂಡರೂ ಕಣ್ಣಿಗೆ ಅಡ್ಡಿ ಅನ್ನಿಸಲ್ಲ. ಮೇಲೆ ಸೀಟಿನ ತಳಕ್ಕೆ ಮಡ್‌ಗಾರ್ಡ್ ಬಡಿಯಬಾರದು ಅಷ್ಟೇ. ತೂತು ಕೊರೆಯುವ ಮುನ್ನ ಎರಡೂ ಶಾಕ್ ಬಿಚ್ಚಿ, ಶಾಕ್ ಪೂರ್ತಿ ಕುಗ್ಗುವ ಎತ್ತರದವರೆಗೂ ಚಕ್ರವನ್ನು ಎತ್ತಿ ನೋಡಿ. ಸೀಟಿನ ಸ್ಪ್ರಿಂಗ್ ಒತ್ತಿಹಿಡಿದು ಇನ್ನೊಮ್ಮೆ ನೋಡಿ.

ಟೈರ್ ದಪ್ಪ ಮಾಡುವವರಿಗೆ ಒಂದು ಮಾತು. 3.00-18 (ಟೈರ್ ದಪ್ಪ, ರಿಮ್ ಅಳತೆ, ಎರಡೂ ಇಂಚಿನಲ್ಲಿ) ಬದಲು 5.00-16 ಹಾಕಿದರೆ ರಿಮ್ ಚಿಕ್ಕದಾದರೂ ಚಕ್ರದ ಒಟ್ಟು ಎತ್ತರ ಹೆಚ್ಚುತ್ತದೆ. 150 ಸಿಸಿ ಎಂಜಿನ್‌ನ ಪಿಕಪ್ ಬೀಳುತ್ತದೆ. ಹಿಂದಿನ ಸ್ಪ್ರಾಕೆಟ್‌ಗೆ (ಚೈನ್ ಕೂರುವ ಹಲ್ಲುಚಕ್ರ) ಕೆಲವು ಹಲ್ಲು ಜಾಸ್ತಿ ಬೇಕು. ಟೈರಿನ ಪಕ್ಕ ಚೈನ್‌ಗೆ ತಾಗುತ್ತದೆಯೇ ಅಂತಲೂ ಅಳೆದುಕೊಳ್ಳಿ.